ಹಳೇ ಕಂಪ್ಯೂಟರಿನೊಳಗೆ ಉಳಿದುಹೋದ ಕನ್ನಡ

ಹಳೇ ಕಂಪ್ಯೂಟರುಗಳನ್ನು ಗುಜರಿಯಿಂದ ತಂದು, ಬಿಚ್ಚಿ, ಧೂಳು ಕೊಡವಿ, ಮತ್ತೆ ಓಡುವ ಹಾಗೆ ಮಾಡೋ ಹವ್ಯಾಸ ಇದೆ ಅಂದರೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ, "ಅದರಿಂದ ಏನು ಉಪಯೋಗ?" ನಮ್ಮೂರು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ. ಮಾಜಿ ಪ್ರಧಾನಿ ದೇವೇಗೌಡರ ಹುಟ್ಟೂರು ಅಂದರೆ ಬೇಗ ಗೊತ್ತಾಗುತ್ತೆ. ಅಲ್ಲಿ ಇನ್ನೂ ನೇರವಾಗಿ ಕೇಳ್ತಾರೆ, "ಇಂಜಿನಿಯರಿಂಗ್ ಓದ್ಸಿದ್ದು ಗುಜರಿ ಯಾಪಾರಕ್ಕೇನ್ಲಾ?" ಅಂತ :)

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಮೆರಿಕದವನು ಕೊಡುವ ಉತ್ತರ ಬೇರೆ, ಕನ್ನಡದವನು ಕೊಡಬೇಕಾದ ಉತ್ತರ ಬೇರೆ. ಯಾಕೆ ಅಂತ ನೋಡೋಣ.

ಅಮೆರಿಕದ ಮೌಂಟನ್ ವ್ಯೂ ಊರಿನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ 1959ರ ಐಬಿಎಂ 1401 ಮಾದರಿಯ ಯಂತ್ರಗಳನ್ನು ಸ್ವಯಂಸೇವಕರು ವರ್ಷಗಟ್ಟಲೆ ಕೂತು ರಿಪೇರಿ ಮಾಡಿ ಓಡಿಸಿದ್ದಾರೆ. ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲೂ ಅಂಥದ್ದೇ ಸಂಗ್ರಹಾಲಯ ಇದೆ. ಅವರಿಗೆ ಬೇಕಾದದ್ದು ಮುಖ್ಯವಾಗಿ ಯಂತ್ರ. ಅದರಲ್ಲಿ ಬರೆದಿಟ್ಟ ಇಂಗ್ಲಿಷಿನ ಬಗ್ಗೆ ಅಷ್ಟೊಂದು ಚಿಂತೆ ಇಲ್ಲ. 1963ರಲ್ಲೇ ಆಸ್ಕಿ ಅನ್ನೋ ಸಂಕೇತ ಪದ್ಧತಿ ಬಂತು. ಇಂಥ ಅಕ್ಷರಕ್ಕೆ ಇಂಥ ಅಂಕಿ ಅಂತ ನಿಗದಿಯಾಯ್ತು. ನಲವತ್ತು ವರ್ಷ ಹಳೆಯ ಇಂಗ್ಲಿಷ್ ಕಡತವನ್ನು ಇವತ್ತಿನ ನೋಟ್‌ಪ್ಯಾಡಿನಲ್ಲಿ ತೆರೆದರೂ ಸಾಮಾನ್ಯವಾಗಿ ಓದಬಹುದು.

ಕನ್ನಡಕ್ಕೆ ಆ ಭಾಗ್ಯ ಇರಲಿಲ್ಲ.

ಕಂಪ್ಯೂಟರುಗಳೇನೋ ಕರ್ನಾಟಕದಲ್ಲಿ ಇದ್ದವು. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋದ ಮೇಲೆ ದೇಶೀ ಕಂಪನಿಗಳಿಗೆ ಜಾಗ ಸಿಕ್ಕಿತು. 80ರ ದಶಕದ ಆರಂಭದಲ್ಲಿ ವಿಪ್ರೊ ತನ್ನ ಸೀರೀಸ್ 86 ಯಂತ್ರಗಳನ್ನು ಹೊರತಂದಿತು, ಮೈಸೂರಿನಲ್ಲಿ ಅದರ ಕಾರ್ಖಾನೆ. 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಅನ್ನೋ ಯೋಜನೆಯಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಕೊಟ್ಟು ಶುರುಮಾಡಿತು. 32 ಕಿಲೋಬೈಟ್ ಮೆಮೊರಿಯ, ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಪುಟ್ಟ ಯಂತ್ರ ಅದು. ಆದರೆ ಅದರ ಪರದೆ, ಕೀಲಿಮಣೆ, ಬೇಸಿಕ್ ಭಾಷೆಯ ಆಜ್ಞೆಗಳು ಎಲ್ಲವೂ ಇಂಗ್ಲಿಷು.

ಹಾಗಾದರೆ ಕನ್ನಡ ಒಳಗೆ ಬಂದದ್ದು ಹೇಗೆ? ಹೊರಗಿನಿಂದ ಚುಚ್ಚಿದ ಒಂದು ಕಾರ್ಡಿನ ಮೂಲಕ! 1983ರ ಸುಮಾರಿಗೆ ಐಐಟಿ ಕಾನ್ಪುರದಲ್ಲಿ ಶುರುವಾದ ಕೆಲಸವನ್ನು ಪುಣೆಯ ಸಿ-ಡ್ಯಾಕ್ ಮುಂದುವರಿಸಿ ಜಿಸ್ಟ್ ಕಾರ್ಡ್ ಮಾಡಿತು. ಪಿಸಿಯ ಒಳಗೆ ಈ ಕಾರ್ಡ್ ಕೂರಿಸಿದರೆ ಡಾಸ್‌ನಲ್ಲೇ ಭಾರತೀಯ ಭಾಷೆಗಳು ಮೂಡುತ್ತಿದ್ದವು. ಇದಕ್ಕೆ ಬಳಸಿದ ಇಸ್ಕಿ ಸಂಕೇತ 1991ರಲ್ಲಿ ಭಾರತೀಯ ಮಾನಕವಾಯ್ತು. ಕನ್ನಡದ 'ಕ', ಹಿಂದಿಯ 'ಕ', ತೆಲುಗಿನ 'ಕ' ಎಲ್ಲಕ್ಕೂ ಒಂದೇ ಅಂಕಿ. ಒಂದು ಅಕ್ಷರಕ್ಕೆ ಒಂದೇ ಬೈಟ್ ಸಾಕು (ಇವತ್ತಿನ ಯುಟಿಎಫ್-8ಗೆ ಮೂರು ಬೇಕು). 360 ಕಿಲೋಬೈಟಿನ ಐದೂಕಾಲು ಇಂಚಿನ ಫ್ಲಾಪಿಯಲ್ಲಿ ಒಂದು ಸಣ್ಣ ಕಾದಂಬರಿಯೇ ಹಿಡಿಸುತ್ತಿತ್ತು.

ಆಮೇಲೆ ವಿಂಡೋಸ್ ಬಂತು, ಕಾರ್ಡಿನ ಜಾಗಕ್ಕೆ ಫಾಂಟ್ ಬಂತು. ಆಕೃತಿ, ಶ್ರೀಲಿಪಿ, 1998ರಲ್ಲಿ ಬರಹ, ಅದಾದ ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ. ಇವು ಬರದಿದ್ದರೆ ನಮ್ಮಲ್ಲಿ ಡಿಟಿಪಿ ಅನ್ನೋದೇ ಇರುತ್ತಿರಲಿಲ್ಲ. ಆದರೆ ಉಪಾಯ ಮಾತ್ರ ವಿಚಿತ್ರವಾಗಿತ್ತು. ಇಂಗ್ಲಿಷ್ ಅಕ್ಷರಗಳ ಮುಖಕ್ಕೆ ಕನ್ನಡದ ಮುಖವಾಡ ಹಾಕೋದು. ನುಡಿಯಲ್ಲಿ ಹಳೇ ಪದ್ಧತಿಯಂತೆ 'ಕನ್ನಡ' ಅಂತ ಬರೆದು ಆ ಫಾಂಟ್ ತೆಗೆದುಬಿಡಿ: ಒಂದು ಪಿ, ತಲೆ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ, ಕ್ಯೂ, ಕೊನೆಗೆ ಮತ್ತೊಂದು ಎ! ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡವೇ ಇಲ್ಲ. ಅದೂ ಎಲ್ಲರ ಮುಖವಾಡ ಒಂದೇ ಅಲ್ಲ, ಒಬ್ಬೊಬ್ಬ ತಯಾರಕನದ್ದು ಒಂದೊಂದು.

ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನ ಜೊತೆ ಬಂದ ಮೇಲೆ ಅದು ಜನಸಾಮಾನ್ಯರ ಕೈಗೆ ಬಂತು. ನಾವು ಬ್ಲಾಗಿಗರು ಹುಟ್ಟಿಕೊಂಡದ್ದೇ ಆಮೇಲೆ. ಅಂದರೆ 80ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷ ಕಂಪ್ಯೂಟರಿನಲ್ಲಿ ಬರೆದ ಬಹುಪಾಲು ಕನ್ನಡ, ಬರೆದ ಯಂತ್ರಕ್ಕೋ ತಂತ್ರಾಂಶಕ್ಕೋ ಅಂಟಿಕೊಂಡೇ ಇದೆ.

ಯಾರಾದರೂ ಕಾಳಜಿ ಮಾಡಿದ್ದು ಉಳಿದಿದೆ. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯಲ್ಲಿ 177 ತಾಲ್ಲೂಕುಗಳ ಪಹಣಿ ಕಂಪ್ಯೂಟರಿಗೆ ಹೋಯ್ತು. ಅದಕ್ಕೆ ಕಂದಾಯ ಇಲಾಖೆ ವಾರಸುದಾರ, ಹಾಗಾಗಿ ಯಂತ್ರಗಳು ಬದಲಾದರೂ ದಾಖಲೆ ಮುಂದೆ ಸಾಗಿ ಬಂತು. ಬೆಂಗಳೂರಿನಲ್ಲಿ ಹುಟ್ಟಿ 2004ರಲ್ಲಿ ಮಾರುಕಟ್ಟೆಗೆ ಬಂದ ಸಿಂಪ್ಯೂಟರ್ ಈಗ ತಾನೇ ಹಳೇ ಸಾಮಾನು. ಆದರೆ ಅದಕ್ಕಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ರಮೇಶ್ ಹರಿಹರನ್ ರೂಪಿಸಿದ, ಬರಹವನ್ನು ಓದಿ ಹೇಳುವ 'ಧ್ವನಿ' ತಂತ್ರಾಂಶ ಮುಕ್ತವಾಗಿದ್ದರಿಂದ ಬೇರೆಯವರ ಕೈಯಲ್ಲಿ ಬೆಳೆಯಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಹಾಗೇ. ಎಷ್ಟೋ ಯಂತ್ರ ಹೋದವು, ಬೆರಳಿನ ಅಭ್ಯಾಸ ಉಳಿಯಿತು.

ಆದರೆ ಊರಿನ ಡಿಟಿಪಿ ಅಂಗಡಿಯಲ್ಲಿ ಜೋಡಿಸಿದ ಜಾತ್ರೆಯ ಕರಪತ್ರಕ್ಕೆ, ನಿಂತುಹೋದ ವಾರಪತ್ರಿಕೆಗೆ, ಮೇಷ್ಟ್ರೊಬ್ಬರು ಬರೆದು ಅಚ್ಚಾಗದೇ ಉಳಿದ ನಾಟಕಕ್ಕೆ ವಾರಸುದಾರ ಯಾರು? ನುಡಿ, ಬರಹದ ಕಡತಗಳಿಗೆ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅದಕ್ಕಿಂತ ಹಿಂದಿನ ಡಾಸ್ ಕಾಲದ್ದಕ್ಕೆ ಎಷ್ಟೋ ಸಲ ಅದೇ ಯಂತ್ರ, ಅದೇ ಕಾರ್ಡ್ ಬೇಕು. ರಿಪೇರಿ ಹವ್ಯಾಸ ಉಪಯೋಗಕ್ಕೆ ಬರೋದು ಇಲ್ಲಿ.

ಅಟ್ಟದ ಮೇಲೆ ಅಂಥ ಪಿಸಿ ಇದ್ದರೆ ಆಸೆಗೆ ಬಿದ್ದು ಸೀದಾ ಪ್ಲಗ್ಗಿಗೆ ಹಾಕಬೇಡಿ. ಮೊದಲು ಬಿಚ್ಚಿ ನೋಡಿ. 286, 386 ಕಾಲದ ಮದರ್‌ಬೋರ್ಡಿನಲ್ಲಿ ಪೀಪಾಯಿ ಆಕಾರದ ಬ್ಯಾಟರಿ ಇರುತ್ತೆ. ಅದು ಸೋರಿದರೆ ತಾಮ್ರದ ಗೆರೆಗಳನ್ನೇ ತಿಂದುಬಿಡುತ್ತೆ. ಅದನ್ನು ಕತ್ತರಿಸಿ ತೆಗೆದು, ಸೋರಿದ ಜಾಗವನ್ನು ವಿನಿಗರ್ ಹಚ್ಚಿ ಒರೆಸಬೇಕು, ಯಾಕಂದರೆ ಸೋರಿದ್ದು ಕ್ಷಾರ. ಬಿಬಿಸಿ ಮೈಕ್ರೋದ ಪವರ್ ಸಪ್ಲೈಯಲ್ಲಿ ರೀಫಾ ಕೆಪಾಸಿಟರುಗಳು ಬಿರುಕು ಬಿಟ್ಟು ಹೊಗೆಯಾಡೋದು ಪ್ರಸಿದ್ಧ, ಅವನ್ನೂ ಮೊದಲೇ ಬದಲಿಸಬೇಕು. ಇಂಥ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ನಮ್ಮ ಮಲೆನಾಡಿನ ಮಗ್ಗುಲಿನ ಊರುಗಳಲ್ಲಿ ಫ್ಲಾಪಿಗೆ ಬೂಷ್ಟು ಬೇಗ ಹಿಡಿಯುತ್ತೆ. ಹಾಗೇ ಡ್ರೈವಿಗೆ ತುರುಕಿದರೆ ಫ್ಲಾಪಿಯ ಜೊತೆ ಡ್ರೈವೂ ಹಾಳು. ಗ್ರೀಸ್‌ವೀಸಲ್ ಅನ್ನೋ ಪುಟ್ಟ ಬೋರ್ಡ್ ಈಗ ಸಿಗುತ್ತೆ. ಹಳೇ ಡ್ರೈವನ್ನು ಯುಎಸ್‌ಬಿಗೆ ಜೋಡಿಸಿ, ಫ್ಲಾಪಿಯ ಕಾಂತೀಯ ಗುರುತುಗಳನ್ನು ಇದ್ದ ಹಾಗೇ ನಕಲು ಮಾಡಿಡುತ್ತೆ. ಓದೋದು ನಿಧಾನಕ್ಕೆ ಮಾಡಿದರಾಯ್ತು. ಮೊದಲು ನಕಲು.

ಇದರಿಂದ ಏನು ಉಪಯೋಗ ಅನ್ನೋದಕ್ಕೆ ನನ್ನ ಉತ್ತರ ಇಷ್ಟೇ: ತಾಳೆಗರಿ ಓದಲು ಕಣ್ಣು, ಬೆಳಕು, ಹಳೇ ಲಿಪಿಯ ಪರಿಚಯ ಇದ್ದರೆ ಸಾಕು. 1990ರ ಫ್ಲಾಪಿಗೆ ಅಷ್ಟು ಸಾಲದು, ಬರೆದ ಯಂತ್ರವೂ ಬದುಕಿರಬೇಕು. ಮುಂದಿನ ಸಲ ಆಯುಧಪೂಜೆಗೆ ಮನೆ, ಅಂಗಡಿ ಗುಡಿಸುವಾಗ ಹಳೇ ಫ್ಲಾಪಿ ಡಬ್ಬ ಸಿಕ್ಕಿದರೆ ಎಸೆಯೋ ಮುಂಚೆ ಮೇಲೆ ಅಂಟಿಸಿದ ಚೀಟಿ ಓದಿ ನೋಡಿ. ಅದರಲ್ಲಿ ಏನು ಬರೆದಿತ್ತು ಅಂತ ನಮಗೂ ತಿಳಿಸಿ.