ಹೆಸರು ಓದದೆ ಸಿಗದ ಡಬ್ಬಿ

ಇಂಗ್ಲೆಂಡಿನ ಕವೆಂಟ್ರಿ ನಗರದ ಯುದ್ಧಸ್ಮಾರಕ ಉದ್ಯಾನ ಸುಮಾರು 120 ಎಕರೆಯಷ್ಟಿದೆ. ಮೊದಲ ಮಹಾಯುದ್ಧದಲ್ಲಿ ಸತ್ತ ಊರಿನವರ ನೆನಪಿಗೆಂದು ಅದು 1921ರಲ್ಲಿ ತೆರೆಯಿತು. ಮೊದಲು ಬಂದದ್ದು ಜನ ಓಡಾಡುವ, ಮಕ್ಕಳು ಆಡುವ ಬಯಲು. ಎತ್ತರದ ಸ್ಮಾರಕ ಬಂದದ್ದು ಆರು ವರ್ಷದ ನಂತರ. 1927ರ ಅಕ್ಟೋಬರಿನಲ್ಲಿ ಅದನ್ನು ಅನಾವರಣ ಮಾಡಿದವರು ಫೀಲ್ಡ್ ಮಾರ್ಷಲ್ ಹೇಗ್. ಸೊಮ್ ಕದನದಲ್ಲಿ ಅಂಥ ಹುಡುಗರನ್ನು ಸಾಲುಸಾಲಾಗಿ ಮುಂದಕ್ಕೆ ಕಳಿಸಿದ ಸೇನಾಪತಿಯೇ ಬಂದು ಪರದೆ ಸರಿಸಿದ್ದನ್ನು ನೋಡುತ್ತ ನಿಂತ ತಾಯಂದಿರಿಗೆ ಏನನ್ನಿಸಿತೋ. ಸ್ಮಾರಕದ ಒಳಗಿನ ಕೋಣೆಯಲ್ಲಿ ಸತ್ತವರ ಹೆಸರಿನ ಪಟ್ಟಿಯಿದೆ. ಅದು ಸಾರ್ವಜನಿಕರಿಗೆ ತೆರೆಯುವುದು ವರ್ಷಕ್ಕೊಮ್ಮೆ, ನವೆಂಬರಿನ ಸ್ಮರಣೆಯ ಭಾನುವಾರ. ಉಳಿದ ದಿನಗಳಲ್ಲಿ ಓದಲು ಸಿಗುವುದು ಮರಗಳ ಬುಡದ ಫಲಕಗಳು. ಸತ್ತವರ ನೆನಪಿಗೆ ಒಂದೊಂದು ಮರ ನೆಟ್ಟು, ಅದರ ಕೆಳಗೆ ಹೆಸರಿನ ಫಲಕ ಹಾಕಿದ್ದಾರೆ. ದಿನವೂ ನಾಯಿಯನ್ನು ಅಡ್ಡಾಡಿಸಲು ಬರುವವರು ಇವನ್ನು ಎಷ್ಟು ಓದುತ್ತಾರೆ ಎಂಬುದು ಬೇರೆ ಮಾತು.

ಇಂಥ ಉದ್ಯಾನಗಳೆಂದರೆ ಜಿಯೋಕ್ಯಾಶಿಂಗ್ ಆಡುವವರಿಗೆ ಬಲು ಇಷ್ಟ. ಯಾರೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶ ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿ, ಒಳಗಿರುವ ಪುಟ್ಟ ಪುಸ್ತಕದಲ್ಲಿ ಸಹಿ ಹಾಕಿ, ಇದ್ದಲ್ಲೇ ಇಟ್ಟು ಬರುತ್ತಾರೆ. ಒಗಟಿನ ಬಗೆಯದರಲ್ಲಿ ಡಬ್ಬಿಯ ಜಾಗವನ್ನು ಸೀದಾ ಹೇಳುವುದಿಲ್ಲ. ಕವೆಂಟ್ರಿಯ ಈ ಉದ್ಯಾನ ಉತ್ತರಕ್ಕೆ 52 ಡಿಗ್ರಿ 23 ನಿಮಿಷ, ಪಶ್ಚಿಮಕ್ಕೆ 1 ಡಿಗ್ರಿ 31 ನಿಮಿಷದ ಆಸುಪಾಸಿನಲ್ಲಿದೆ. ಅಲ್ಲಿಗೆ ಒಗಟು ಕಟ್ಟುವವರು ಅಷ್ಟನ್ನು ಕೊಟ್ಟು, ನಿಮಿಷದ ಮುಂದಿನ ಮೂರು ದಶಮಾಂಶ ಅಂಕಿಗಳನ್ನು ಖಾಲಿ ಬಿಡಬಹುದು. ಇಂಥ ಹೆಸರಿನವನ ರೆಜಿಮೆಂಟಿನ ಅಕ್ಷರಗಳೆಷ್ಟು, ಇಂಥ ಸಾಲಿನಲ್ಲಿ ಎಷ್ಟು ಹೆಸರು, ಇವನು ಸತ್ತಾಗ ವಯಸ್ಸೆಷ್ಟು ಎಂದು ಕಲ್ಲನ್ನೇ ಓದಿ ಆ ಅಂಕಿಗಳನ್ನು ತುಂಬಬೇಕು.

ಲೆಕ್ಕ ಇಲ್ಲಿ ಕಟ್ಟುನಿಟ್ಟು. ಅಕ್ಷಾಂಶದ ಕೊನೆಯ ದಶಮಾಂಶ ಒಂದು ಅಂಕಿ ತಪ್ಪಿದರೆ ನೆಲದ ಮೇಲೆ ಎರಡು ಮೀಟರಿಗೂ ಕಡಿಮೆ ವ್ಯತ್ಯಾಸ. ಮೊದಲ ದಶಮಾಂಶದಲ್ಲಿ ಒಂದು ತಪ್ಪಿದರೆ 185 ಮೀಟರ್ ಆಚೆ ಯಾವುದೋ ಪೊದೆಗೆ ಕೈಹಾಕಬೇಕಾಗುತ್ತದೆ. ಒಗಟು ಕಟ್ಟುವವರಿಗೂ ಒಂದು ತೊಡಕಿದೆ. ಮೊದಲ ಮಹಾಯುದ್ಧದ ಸ್ಮಾರಕದಲ್ಲಿ ಸತ್ತ ವರ್ಷವನ್ನು ಕೇಳುವುದು ತೀರ ಸುಲಭದ ಪ್ರಶ್ನೆ. ಕೊನೆಯ ಅಂಕಿ ಹೆಚ್ಚುಕಡಿಮೆ 4ರಿಂದ 8ರೊಳಗೇ ಇರುತ್ತದೆ. ಕಲ್ಲು ನೋಡದೆಯೂ ಊಹಿಸಿಬಿಡಬಹುದು. ಹಾಗಾಗಿ ವಯಸ್ಸನ್ನು ಕೇಳುತ್ತಾರೆ. ಆಡಲು ಬಂದವರು ಹತ್ತೊಂಬತ್ತು, ಇಪ್ಪತ್ತು, ಹತ್ತೊಂಬತ್ತು ಎಂದು ಬರೆದುಕೊಳ್ಳುತ್ತ ಹೋಗುತ್ತಾರೆ.

ಆಟ ಸೈನಿಕರ ಕಲ್ಲಿಗೆ ಬಂದು ನಿಂತದ್ದು ವಿಚಿತ್ರವೇನಲ್ಲ. ಅದರ ಮೂಲವೇ ಸೇನೆ. ಜಿಪಿಎಸ್ ಅಮೆರಿಕದ ರಕ್ಷಣಾ ಇಲಾಖೆಯ ಯೋಜನೆ, ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಿದಾಗ 269 ಮಂದಿ ಸತ್ತರು. ಆಮೇಲೆ ರೇಗನ್ ಸರ್ಕಾರ ಇದನ್ನು ನಾಗರಿಕರಿಗೂ ಕೊಡುವುದಾಗಿ ಹೇಳಿತು. ಕೊಟ್ಟರೂ ಕೈ ಬಿಗಿಹಿಡಿದೇ ಕೊಟ್ಟಿತು: ನಾಗರಿಕರ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸಿ, ಸ್ಥಾನ ಸುಮಾರು 100 ಮೀಟರ್ ಆಚೀಚೆ ಆಗುವಂತೆ ಮಾಡಿತು. ತಮಾಷೆಯೆಂದರೆ 1991ರ ಕೊಲ್ಲಿ ಯುದ್ಧದಲ್ಲಿ ಸೇನೆಗೆ ಬೇಕಾದಷ್ಟು ಮಿಲಿಟರಿ ಉಪಕರಣ ಇರಲಿಲ್ಲ. ಸೈನಿಕರು ಅಂಗಡಿಯ ಉಪಕರಣಗಳನ್ನೇ ಬಳಸಬೇಕಾಗಿ ಬಂದು, ತಾನೇ ಬೆರೆಸಿದ ದೋಷವನ್ನು ಸರ್ಕಾರ ಕೆಲಕಾಲ ನಿಲ್ಲಿಸಿತು.

2000ದ ಮೇ 1ರಂದು ಕ್ಲಿಂಟನ್ ಅದನ್ನು ಶಾಶ್ವತವಾಗಿ ನಿಲ್ಲಿಸುವ ನಿರ್ಧಾರ ಪ್ರಕಟಿಸಿದರು. ಎರಡೇ ದಿನದ ಮೇಲೆ, ಮೇ 3ರಂದು, ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಡೇವ್ ಉಲ್ಮರ್ ಎಂಬಾತ ಒಂದು ಕಪ್ಪು ಬಕೆಟ್ಟನ್ನು ನೆಲದಲ್ಲಿ ಅರ್ಧ ಹೂತಿಟ್ಟು, ಅದರ ಸ್ಥಾನವನ್ನು ಅಂತರ್ಜಾಲದಲ್ಲಿ ಹಾಕಿದ. ಅದರೊಳಗೆ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸ್ ಇತ್ಯಾದಿ ಇದ್ದವು. ಮೊದಲು ಪತ್ತೆಮಾಡಿದವನು ಮೈಕ್ ಟೀಗ್. ಆಗ ಬಳಕೆಯಲ್ಲಿದ್ದ ‘ಸ್ಟ್ಯಾಶ್’ ಎಂಬ ಮಾತಿಗೆ ಮಾದಕವಸ್ತುವಿನ ವಾಸನೆಯಿತ್ತು. ಅದೇ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ‘ಕ್ಯಾಶ್’ ಎಂಬ ಪದ ಸೂಚಿಸಿದ. ಅಡಗಿಸು ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದ ಇದು ಉತ್ತರ ಅಮೆರಿಕದ ಬೇಟೆಗಾರರ ಬಾಯಲ್ಲಿ ಕಾಡಿನಲ್ಲಿ ಬಚ್ಚಿಟ್ಟ ದಾಸ್ತಾನಾಗಿತ್ತು. ಕಂಪ್ಯೂಟರಿನೊಳಗೂ ಆಗಲೇ ಸೇರಿಕೊಂಡಿತ್ತು.

ಸತ್ತವರ ನಡುವೆ ಆಟ ಸರಿಯೇ ಎಂಬ ಜಗಳ ಬೇಗನೇ ಹುಟ್ಟಿತು. 2005ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ಸ್ಮಶಾನ, ಪುರಾತತ್ವ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಈ ಆಟ ಆಡುವುದನ್ನು ಅಪರಾಧವಾಗಿಸುವ ಮಸೂದೆ ಕೆಳಮನೆಯನ್ನು ದಾಟಿತು. ಮೇಲ್ಮನೆಯಲ್ಲಿ ಮುಂದೆ ಹೋಗಲಿಲ್ಲ. ಭಯದ ಕಾರಣವೂ ಇತ್ತು. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಬಚ್ಚಿಟ್ಟ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬಾಂಬೆಂದು ತಿಳಿದು ಸೇನೆಯವರು ಸಿಡಿಸಿದರು. ಡಬ್ಬಿ ಇಡಬಾರದ ಜಾಗಗಳಿಗೆ ಡಬ್ಬಿಯೇ ಇಲ್ಲದ ಬಗೆಯೂ ಇದೆ: ಫಲಕ ಓದಿ ಉತ್ತರ ಕಳಿಸಿದರಾಯಿತು. ಸ್ಮಾರಕಕ್ಕೆ ನಿಜವಾಗಿ ಹೊಂದುವುದು ಇದೇ. ಮರದ ಬೇರಿನ ಬಳಿ ಅಗೆಯುವವರ ಬಗ್ಗೆ ದೂರುವುದು ನ್ಯಾಯ. ಆದರೆ ಫಲಕದ ಮುಂದೆ ಮಂಡಿಯೂರಿ, ಪಾಚಿ ಕಟ್ಟಿದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವವರನ್ನು ಅಗೌರವದವರೆಂದು ಹೇಗೆ ಕರೆಯುವುದು?

ಅಂಥ ಹುಡುಕಾಟ ಬೆಂಗಳೂರಿನಲ್ಲೂ ನಡೆದಿದೆ, ಆಟವಾಗಿ ಅಲ್ಲ. ಯುದ್ಧದಲ್ಲಿ ಸತ್ತವನಿಗೆ ಹೆಸರು ಕೆತ್ತಿ ಕಲ್ಲು ನಿಲ್ಲಿಸುವುದು ಕನ್ನಡನಾಡಿಗೆ ಹೊಸದಲ್ಲ. ಬೇಗೂರಿನ ಶಾಸನ ಬೆಂಗಳೂರಿನ ಕಾಳಗವನ್ನು ಹೆಸರಿಸುವುದು ಒಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟ ಇಂಥ ಕಲ್ಲುಗಳನ್ನು ಪಟ್ಟಿಮಾಡಿತು. ವಿಳಾಸವೆಂದರೆ ಊರಿನ ಹೆಸರು, ಜೊತೆಗೆ ಇಂಥ ಗುಡಿಯ ಮುಂದೆ, ಇಂಥ ಹೊಲದಲ್ಲಿ ಎಂಬಷ್ಟು ಗುರುತು. ನೂರು ವರ್ಷದಲ್ಲಿ ಹೊಲ ಬಡಾವಣೆಯಾಯಿತು, ಕಲ್ಲು ಚರಂಡಿಯ ಹಾಸಾಯಿತು. ಶಾಸನಾಸಕ್ತ ನಾಗರಿಕರು ಕೆಲವರು ಆ ಸಂಪುಟ ಹಿಡಿದು ಬೀದಿಬೀದಿ ಅಲೆದರು, ಸಿಕ್ಕ ಕಲ್ಲು ತೊಳೆದು ಓದಿದರು. ಈಗ ಒಂದೊಂದರ ಪಕ್ಕದಲ್ಲೂ ಅಕ್ಷಾಂಶ, ರೇಖಾಂಶ ದಾಖಲಾಗುತ್ತಿದೆ, ಮುಂದೆ ಬರುವವರು ಮತ್ತೆ ಹುಡುಕಬೇಕಾಗದಂತೆ.