ಭಾನುವಾರದ ನಾಟಕ, ಗುರುವಾರದ ನಾಟಕ

ಇಂದು ನಾವು ಟೆಲಿವಿಷನ್ನಿನಲ್ಲಿ ನೋಡುವ ಧಾರಾವಾಹಿ, ನಾಟಕಗಳು ಸಾಮಾನ್ಯವಾಗಿ ಮೊದಲೇ ಚಿತ್ರೀಕರಣಗೊಂಡಿರುತ್ತವೆ. ನಟ ಮಾತು ಮರೆತರೆ ಆ ದೃಶ್ಯವನ್ನು ಮತ್ತೊಮ್ಮೆ ತೆಗೆಯಬಹುದು. ಆದರೆ ಕ್ರಿಕೆಟ್ ಪಂದ್ಯದ ಹಾಗೆ ನಾಟಕವೂ ನಡೆಯುತ್ತಿರುವ ಕ್ಷಣದಲ್ಲೇ ಮನೆಮನೆಗೆ ತಲುಪುತ್ತಿದ್ದ ಕಾಲವೊಂದಿತ್ತು. ಬ್ರಿಟನ್ನಿನಲ್ಲಿ 1950ರ ದಶಕ ಅಂಥ ನೇರ ಪ್ರಸಾರದ ನಾಟಕಗಳ ಕಾಲ. ಆ ಕಾಲವನ್ನು ಅರಿಯಲು ಪೀಟರ್ ಕುಶಿಂಗ್ ಎಂಬ ನಟನ ಆರಂಭದ ದಿನಗಳು ಒಳ್ಳೆಯ ದಾರಿ.

ಕುಶಿಂಗ್ ಅವರನ್ನು ಜಗತ್ತು ಸಿನಿಮಾ ನಟನೆಂದೇ ನೆನೆಯುತ್ತದೆ. 1958ರ 'ಡ್ರಾಕುಲಾ' ಚಿತ್ರದ ವಾನ್ ಹೆಲ್ಸಿಂಗ್, 1977ರ 'ಸ್ಟಾರ್ ವಾರ್ಸ್' ಚಿತ್ರದ ಕ್ರೂರ ಅಧಿಕಾರಿ ಟಾರ್ಕಿನ್ ಅವರೇ. ಆದರೆ ಅವರಿಗೆ ಹೆಸರು ತಂದುಕೊಟ್ಟದ್ದು ಬೆಳ್ಳಿತೆರೆಯಲ್ಲ, ಕಿರುತೆರೆ. ಆ ಹೆಸರು ಬಂದಾಗ ಅವರಿಗೆ ನಲವತ್ತು ದಾಟಿತ್ತು.

ಅವರು ಹುಟ್ಟಿದ್ದು 1913ರಲ್ಲಿ, ಇಂಗ್ಲೆಂಡಿನ ಸರ್ರೆ ಪ್ರಾಂತ್ಯದಲ್ಲಿ. ಕೆಲಕಾಲ ಪುರಸಭೆಯ ಸರ್ವೇಯರ್ ಕಚೇರಿಯಲ್ಲಿ ದುಡಿದು, ಬಳಿಕ ಊರೂರಿನ ನಾಟಕ ಮಂಡಳಿಗಳಲ್ಲಿ ನಟನೆ ಕಲಿತರು. 1939ರಲ್ಲಿ ಹಾಲಿವುಡ್ಡಿಗೆ ಹೋದಾಗ ಸಿಕ್ಕ ಮೊದಲ ಕೆಲಸ ವಿಚಿತ್ರವಾದದ್ದು. 'ದಿ ಮ್ಯಾನ್ ಇನ್ ದಿ ಐರನ್ ಮಾಸ್ಕ್' ಚಿತ್ರದಲ್ಲಿ ಲೂಯಿ ಹೇವರ್ಡ್ ಅವರದು ಅವಳಿ ಸೋದರರ ದ್ವಿಪಾತ್ರ. ಹೇವರ್ಡ್ ಅವರ ಎದುರು ನಿಂತು ಮಾತಿಗೆ ಮಾತು ಕೊಡುವವರೊಬ್ಬರು ಬೇಕಿತ್ತು. ಆ ಕೆಲಸ ಕುಶಿಂಗ್ ಪಾಲಿಗೆ ಬಂತು. ಆಮೇಲೆ ಚಿತ್ರದಿಂದ ಅವರಿದ್ದ ಭಾಗ ತೆಗೆದು, ಆ ಜಾಗದಲ್ಲೂ ಹೇವರ್ಡ್ ಅವರನ್ನೇ ಕೂಡಿಸಲಾಯಿತು. ಅದೇ ಚಿತ್ರದಲ್ಲಿ ಒಂದು ಸಣ್ಣ ಪಾತ್ರ ಮಾತ್ರ ಅವರಿಗೆ ದಕ್ಕಿತು.

ಯುದ್ಧಕಾಲದಲ್ಲಿ ತಾಯ್ನಾಡಿಗೆ ಮರಳಿದ ಅವರು ಸೈನಿಕರ ಮನರಂಜನೆಗಾಗಿ ನಾಟಕವಾಡಿದರು. 1943ರಲ್ಲಿ ನಟಿ ಹೆಲೆನ್ ಅವರನ್ನು ಮದುವೆಯಾದರು. ಲಾರೆನ್ಸ್ ಒಲಿವಿಯೇ ನಿರ್ದೇಶಿಸಿದ 1948ರ 'ಹ್ಯಾಮ್ಲೆಟ್' ಚಿತ್ರದಲ್ಲಿ ಆಸ್ರಿಕ್ ಎಂಬ ಚಿಕ್ಕ ಪಾತ್ರ ಮಾಡಿದರು. ಒಲಿವಿಯೇ ಅವರ ತಂಡದೊಂದಿಗೆ ಆಸ್ಟ್ರೇಲಿಯಾ ಪ್ರವಾಸವನ್ನೂ ಮಾಡಿ ಬಂದರು. ಆದರೂ ನೆಲೆಯಾದ ಕೆಲಸವಿರಲಿಲ್ಲ. ಹೊಟ್ಟೆಪಾಡಿಗೆ ರೇಷ್ಮೆ ಸ್ಕಾರ್ಫುಗಳಿಗೆ ಚಿತ್ತಾರ ಬಿಡಿಸಿದ್ದೂ ಉಂಟು. ಮನಸ್ಸು ಕುಗ್ಗಿದ ಆ ದಿನಗಳಲ್ಲಿ ಟೆಲಿವಿಷನ್ನಿನ ದಾರಿ ತೋರಿಸಿದವರು ಹೆಲೆನ್. ಬಿಬಿಸಿಯ 'ರೇಡಿಯೋ ಟೈಮ್ಸ್' ಪತ್ರಿಕೆಯಿಂದ ಟಿ.ವಿ. ನಾಟಕಗಳ ನಿರ್ಮಾಪಕರ ಹೆಸರುಗಳನ್ನು ಪಟ್ಟಿಮಾಡಿ, ಅವರಿಗೆಲ್ಲ ಪತ್ರ ಹೋಗುವಂತೆ ಮಾಡಿದರು. 1951ರ ಕೊನೆಗೆ ಕುಶಿಂಗ್ ಬಿಬಿಸಿ ನಾಟಕಗಳಲ್ಲಿ ಕಾಣಿಸಿಕೊಂಡರು. 1952ರಲ್ಲಿ ಜೇನ್ ಆಸ್ಟಿನ್ ಅವರ 'ಪ್ರೈಡ್ ಅಂಡ್ ಪ್ರೆಜುಡಿಸ್' ಆರು ಕಂತುಗಳಲ್ಲಿ ಪ್ರಸಾರವಾದಾಗ ಡಾರ್ಸಿಯ ಪಾತ್ರ ಅವರದಾಯಿತು.

ನಾಟಕಗಳನ್ನು ಹೀಗೆ ನೇರವಾಗಿ ಏಕೆ ಪ್ರಸಾರ ಮಾಡುತ್ತಿದ್ದರು? ಮುಖ್ಯ ಕಾರಣ ತಾಂತ್ರಿಕವಾದದ್ದು. ಟೆಲಿವಿಷನ್ ಕೇಂದ್ರಗಳು ಬಳಸಬಹುದಾದ ವಿಡಿಯೋ ಟೇಪ್ ಯಂತ್ರವನ್ನು ಅಮೆರಿಕದ ಆಂಪೆಕ್ಸ್ ಕಂಪನಿ ಪ್ರದರ್ಶಿಸಿದ್ದೇ 1956ರಲ್ಲಿ. ಅದಕ್ಕೆ ಮುಂಚೆ ಇದ್ದ ಉಪಾಯ ಒಂದೇ. ಟಿ.ವಿ. ಪರದೆಯ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು, ಪರದೆಯಲ್ಲಿ ಮೂಡುವ ಚಿತ್ರವನ್ನು ಸೆರೆಹಿಡಿಯುವುದು. ಅದು ದುಬಾರಿ, ಚಿತ್ರವೂ ಮಂಕು. ಹಾಗಾಗಿ ಭಾನುವಾರ ರಾತ್ರಿ ಪ್ರಸಾರವಾದ ನಾಟಕವನ್ನು ಮರುಪ್ರಸಾರ ಮಾಡಬೇಕಾದರೆ ಗುರುವಾರ ನಟರು, ವಾದ್ಯಗಾರರು, ಕ್ಯಾಮೆರಾದವರು ಎಲ್ಲರೂ ಮತ್ತೆ ಸ್ಟುಡಿಯೋಗೆ ಬಂದು, ಇಡೀ ನಾಟಕವನ್ನು ಮೊದಲಿನಿಂದ ಆಡುತ್ತಿದ್ದರು.

ನಟನಿಗೆ ಇದು ಹೊಸ ಬಗೆಯ ಪರೀಕ್ಷೆ. ರಂಗಭೂಮಿಯಂತೆ ಇಲ್ಲಿಯೂ ತಪ್ಪಿದರೆ ತಪ್ಪಿದಂತೆಯೇ. ಆದರೆ ರಂಗಭೂಮಿಯಲ್ಲಿ ಕೊನೆಯ ಸಾಲಿಗೂ ಕೇಳುವಂತೆ ಮಾತಾಡಬೇಕು; ಇಲ್ಲಿ ಕ್ಯಾಮೆರಾ ಮುಖದ ಹತ್ತಿರವೇ ಇರುತ್ತದೆ, ಹುಬ್ಬಿನ ಚಲನೆಯೂ ಕಾಣುತ್ತದೆ. ಸಿನಿಮಾದ ಸೂಕ್ಷ್ಮ ಅಭಿನಯವನ್ನು ನಾಟಕದ ಒಂದೇ ಉಸಿರಿನಲ್ಲಿ ಮಾಡಿ ಮುಗಿಸಬೇಕು. ಎದುರಿಗೆ ಚಪ್ಪಾಳೆ ತಟ್ಟುವ ಪ್ರೇಕ್ಷಕರೂ ಇಲ್ಲ. ಎಂಥ ಆಪತ್ತು ಬಂದರೂ ನಾಟಕ ನಿಲ್ಲುವಂತಿರಲಿಲ್ಲ. 1958ರ ನವೆಂಬರ್‌ನಲ್ಲಿ 'ಅಂಡರ್‌ಗ್ರೌಂಡ್' ಎಂಬ ನಾಟಕ ಪ್ರಸಾರವಾಗುತ್ತಿದ್ದಾಗಲೇ ಗ್ಯಾರೆತ್ ಜೋನ್ಸ್ ಎಂಬ ನಟ ಕುಸಿದು ತೀರಿಕೊಂಡರು. ಉಳಿದವರು ಅವರ ಮಾತುಗಳನ್ನು ಹೇಗೋ ಹೊಂದಿಸಿಕೊಂಡು ನಾಟಕ ಮುಗಿಸಿದರು.

ಕುಶಿಂಗ್ ಅವರ ದೊಡ್ಡ ಪರೀಕ್ಷೆ ಬಂದದ್ದು 1954ರ ಡಿಸೆಂಬರ್ 12ರ ಭಾನುವಾರ. ಅಂದಿನ ನಾಟಕ ಜಾರ್ಜ್ ಆರ್ವೆಲ್ ಅವರ 1949ರ ಕಾದಂಬರಿ 'ನೈಂಟೀನ್ ಎಯ್ಟಿ-ಫೋರ್'. ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ನಾಟಕರೂಪ ನೈಜೆಲ್ ನೀಲ್ ಅವರದು, ನಿರ್ದೇಶನ ರುಡಾಲ್ಫ್ ಕಾರ್ಟಿಯರ್ ಅವರದು. ಪ್ರಜೆಗಳ ಉಸಿರನ್ನೂ ಬಿಡದೆ ಕಾಯುವ ಪ್ರಭುತ್ವವೊಂದರಲ್ಲಿ ಸಿಲುಕಿದ ವಿನ್‌ಸ್ಟನ್ ಸ್ಮಿತ್ ಎಂಬ ಸಾಮಾನ್ಯ ನೌಕರನಾಗಿ ಕುಶಿಂಗ್ ಅಭಿನಯಿಸಿದರು. ಲಂಡನ್ನಿನ ಲೈಮ್ ಗ್ರೋವ್ ಸ್ಟುಡಿಯೋದಲ್ಲಿ ನಾಟಕ ಸುಮಾರು ಎರಡು ಗಂಟೆ ನಡೆಯಿತು. ನಡುನಡುವೆ ಮೊದಲೇ ತೆಗೆದಿಟ್ಟ ಫಿಲ್ಮ್ ತುಣುಕುಗಳು ಬರುತ್ತಿದ್ದವು. ನಟರು ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ಹೋಗಲು, ಉಡುಪು ಬದಲಿಸಲು ಸಿಗುತ್ತಿದ್ದ ಬಿಡುವು ಅಷ್ಟೆ. ಸಂಗೀತವನ್ನೂ ವಾದ್ಯಗಾರರು ಆ ಹೊತ್ತಿನಲ್ಲೇ ನುಡಿಸುತ್ತಿದ್ದರು.

ಆಗ ಬ್ರಿಟನ್ನಿನಲ್ಲಿ ಬಿಬಿಸಿ ಬಿಟ್ಟರೆ ಬೇರೆ ಚಾನೆಲ್ ಇರಲಿಲ್ಲ. ಚಿತ್ರಹಿಂಸೆಯ ದೃಶ್ಯಗಳು ನೇರ ಮನೆಯ ಹಜಾರಕ್ಕೆ ಬಂದದ್ದು ಹಲವರನ್ನು ಕೆರಳಿಸಿತು. ದೂರುಗಳು ಬಂದವು, ಪತ್ರಿಕೆಗಳಲ್ಲಿ ವಾದ ನಡೆಯಿತು. ಸಂಸತ್ತಿನಲ್ಲಿ ನಾಟಕವನ್ನು ಖಂಡಿಸುವ ಸೂಚನೆಯೂ ಅದಕ್ಕೆ ಪ್ರತಿಯಾಗಿ ಬೆಂಬಲದ ಸೂಚನೆಯೂ ಮಂಡನೆಯಾದವು. ಗುರುವಾರದ ಪ್ರದರ್ಶನವನ್ನು ರದ್ದುಮಾಡಬೇಕೆಂಬ ಒತ್ತಡಕ್ಕೆ ಬಿಬಿಸಿ ಮಣಿಯಲಿಲ್ಲ. ಡಿಸೆಂಬರ್ 16ರಂದು ನಾಟಕ ವಿಭಾಗದ ಮುಖ್ಯಸ್ಥ ಮೈಕೆಲ್ ಬ್ಯಾರಿ ಅವರೇ ಪೀಠಿಕೆಯ ಮಾತಾಡಿದ ಮೇಲೆ ನಾಟಕ ಮತ್ತೆ ನಡೆಯಿತು. ಗಲಾಟೆಯಿಂದಾಗಿಯೇ ಅದನ್ನು ನೋಡಲು ಭಾರಿ ಸಂಖ್ಯೆಯ ಜನ ಕುಳಿತಿದ್ದರು. ನಟರ ಸ್ಥಿತಿ ಊಹಿಸಿಕೊಳ್ಳಿ: ನಾಲ್ಕು ದಿನ ದೇಶವೆಲ್ಲ ಜಗಳವಾಡಿದ ಪಾತ್ರವನ್ನು ಅವರು ಮತ್ತೆ ಮೊದಲ ಮಾತಿನಿಂದ ಆರಂಭಿಸಬೇಕಿತ್ತು.

ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇಲ್ಲಿದೆ. ಭಾನುವಾರದ ಪ್ರದರ್ಶನವನ್ನು ಯಾರೂ ದಾಖಲಿಸಲಿಲ್ಲ. ದೇಶವನ್ನು ಬೆಚ್ಚಿಬೀಳಿಸಿದ ಆ ರಾತ್ರಿ ನೋಡಿದವರ ನೆನಪಿನಲ್ಲಿ ಮಾತ್ರ ಉಳಿಯಿತು. ಗುರುವಾರದ್ದನ್ನು ಪರದೆಯಿಂದ ಫಿಲ್ಮಿಗೆ ಇಳಿಸಿದರು. ನಾವು ಇಂದು ನೋಡಬಹುದಾದದ್ದು ಅದನ್ನು ಮಾತ್ರ. ಕುಶಿಂಗ್ ಅವರ ಡಾರ್ಸಿ ಪಾತ್ರದ ಒಂದು ಕಂತೂ ಉಳಿದಿಲ್ಲ. ನೀಲ್ ಮತ್ತು ಕಾರ್ಟಿಯರ್ ಜೋಡಿಯದೇ ಆದ 1953ರ ಪ್ರಸಿದ್ಧ ಧಾರಾವಾಹಿ 'ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್' ಆರು ಕಂತುಗಳದ್ದು; ಅದರಲ್ಲಿ ಉಳಿದವು ಮೊದಲ ಎರಡೇ.

ಕಾದಂಬರಿಯಲ್ಲಿ ವಿನ್‌ಸ್ಟನ್ ಸ್ಮಿತ್‌ನ ಉದ್ಯೋಗವೇನು ಗೊತ್ತೆ? ಸರ್ಕಾರಕ್ಕೆ ಒಗ್ಗದ ಹಳೆಯ ಪತ್ರಿಕೆಗಳ ಬರಹವನ್ನು ತಿದ್ದಿ, ಮೂಲ ದಾಖಲೆ ಇಲ್ಲದಂತೆ ಮಾಡುವುದು. ಅಲ್ಲಿ ದಾಖಲೆ ಅಳಿಯುವುದು ಅಧಿಕಾರದ ದುರುದ್ದೇಶದಿಂದ. ಬಿಬಿಸಿಯ ನಾಟಕಗಳು ಅಳಿದದ್ದು ಹಾಗಲ್ಲ. ಹಣದ ಮಿತಿ, ಯಂತ್ರದ ಮಿತಿ, ಇದನ್ನು ಮುಂದೆ ಯಾರು ಕೇಳುತ್ತಾರೆ ಎಂಬ ಭಾವನೆ ಇಷ್ಟೇ ಸಾಕಾಯಿತು. ದಾಖಲೆ ಕಳೆದುಹೋಗಲು ದುಷ್ಟರೇ ಬೇಕಿಲ್ಲ, ಉದಾಸೀನವೂ ಸಾಕು.

ಮುಂದಿನ ಕಥೆ ಚಿಕ್ಕದು. ಟೆಲಿವಿಷನ್ನಿನ ಅತ್ಯುತ್ತಮ ನಟನೆಂದು ಪ್ರಶಸ್ತಿ ಪಡೆದ ಕುಶಿಂಗ್ ಅವರನ್ನು ಹ್ಯಾಮರ್ ಚಿತ್ರಸಂಸ್ಥೆ 1957ರ 'ದಿ ಕರ್ಸ್ ಆಫ್ ಫ್ರಾಂಕೆನ್‌ಸ್ಟೈನ್' ಚಿತ್ರಕ್ಕೆ ನಾಯಕನಾಗಿ ತಂದಿತು. ಮತ್ತೆ ಅವರು ಹಿಂದಿರುಗಿ ನೋಡಲಿಲ್ಲ. 1994ರಲ್ಲಿ ತೀರಿಕೊಂಡರು. 2016ರ 'ರೋಗ್ ಒನ್' ಚಿತ್ರದಲ್ಲಿ ಇನ್ನೊಬ್ಬ ನಟನ ಅಭಿನಯಕ್ಕೆ ಅವರ ಮುಖವನ್ನು ಕಂಪ್ಯೂಟರಿನಿಂದ ರಚಿಸಿ ಜೋಡಿಸಲಾಯಿತು. ಹಾಲಿವುಡ್ಡಿನಲ್ಲಿ ತಾನು ನಿಂತ ಜಾಗವನ್ನು ಇನ್ನೊಬ್ಬನ ಮುಖಕ್ಕೆ ಬಿಟ್ಟುಕೊಟ್ಟ ನಟನ ಮುಖವೇ ಹೀಗೆ ಮರಳಿ ಬಂತು.

ಆದರೆ ಮುಖವನ್ನು ಮರಳಿ ತಂದ ಯಂತ್ರಕ್ಕೂ ಆ ಭಾನುವಾರದ ಅಭಿನಯವನ್ನು ತರಲಾಗದು. ಅದಕ್ಕೆ ಮೂಲವೇ ಇಲ್ಲ. ನಿಮ್ಮ ಊರಿನ ನಾಟಕ ಮಂಡಳಿಯಲ್ಲಿ, ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ನಡೆದ ಪ್ರದರ್ಶನಗಳ ಗತಿಯೂ ಇದೇ. ಅಂದಿನ ಕರಪತ್ರ, ಛಾಯಾಚಿತ್ರ, ಕೈಬರಹದ ನಾಟಕ ಪ್ರತಿ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಜೋಪಾನ ಮಾಡಿ. ಹಿರಿಯ ನಟರಿದ್ದರೆ ಅವರನ್ನು ಮಾತಾಡಿಸಿ, ಕೇಳಿದ್ದನ್ನು ದಿನಾಂಕ ಸಹಿತ ಬರೆದಿಡಿ. ಭಾನುವಾರ ಕೈತಪ್ಪಿದರೂ ಗುರುವಾರವಾದರೂ ಮುಂದಿನವರಿಗೆ ಉಳಿಯಲಿ.