ಅಸಾಕುಸಾ: ಡೇರೆ ಕೀಳದ ಜಾತ್ರೆ

ನಮ್ಮ ಊರುಗಳ ಜಾತ್ರೆಯಲ್ಲಿ ದೇವರು ಒಳಗೆ, ಬೆಂಡು ಬತ್ತಾಸಿನ ಅಂಗಡಿ ಹೊರಗೆ. ಅದರಾಚೆ ಬಳೆಗಾರರು, ತಿರುಗುವ ತೊಟ್ಟಿಲು, ನಾಟಕದ ಡೇರೆ. ತೇರು ಎಳೆದು ನಾಲ್ಕು ದಿನ ಕಳೆದರೆ ಎಲ್ಲರೂ ಗಂಟುಮೂಟೆ ಕಟ್ಟುತ್ತಾರೆ, ಬಯಲು ಮತ್ತೆ ಬಯಲಾಗುತ್ತದೆ. ಟೋಕಿಯೊ ನಗರದಲ್ಲಿ ಸುಮಿದಾ ನದಿಯ ಪಶ್ಚಿಮ ದಂಡೆಯ ಮೇಲಿರುವ ಅಸಾಕುಸಾದಲ್ಲಿ ನೆರೆದ ಜಾತ್ರೆ ಮಾತ್ರ ಗಂಟು ಕಟ್ಟಲೇ ಇಲ್ಲ. ಗುಡಿಯ ಸುತ್ತ ಅಂಗಡಿ, ಅಂಗಡಿಯ ಬೆನ್ನಿಗೆ ಆಟದ ಮನೆ, ಹೀಗೆ ಬೆಳೆಯುತ್ತ ಅದೇ ಒಂದು ಪೇಟೆಯಾಯಿತು. ಈಗ ಅಲ್ಲಿನ ಸೆನ್ಸೊಜಿ ದೇವಾಲಯಕ್ಕೆ ವರ್ಷಕ್ಕೆ ಸುಮಾರು 3 ಕೋಟಿ ಜನ ಬರುತ್ತಾರೆಂಬ ಅಂದಾಜಿದೆ. ಅವರಲ್ಲಿ ಭಕ್ತರೆಷ್ಟು, ಸುತ್ತಾಡಲು ಬಂದವರೆಷ್ಟು ಎಂದು ಬೇರ್ಪಡಿಸಲು ಹೋಗುವುದು ವ್ಯರ್ಥ. ಅಸಾಕುಸಾ ಯಾವ ಕಾಲದಲ್ಲೂ ಅಂಥ ಲೆಕ್ಕ ಇಟ್ಟಿಲ್ಲ.

ಬಲೆಗೆ ಬಿದ್ದ ದೇವರು

ಸ್ಥಳಪುರಾಣದ ಪ್ರಕಾರ ಕ್ರಿ.ಶ. 628ರಲ್ಲಿ ಹಿನೊಕುಮಾ ಮನೆತನದ ಇಬ್ಬರು ಅಣ್ಣತಮ್ಮಂದಿರು ನದಿಯಲ್ಲಿ ಬಲೆ ಬೀಸಿದಾಗ ಮೀನಿನ ಬದಲು ಒಂದು ಪುಟ್ಟ ವಿಗ್ರಹ ಸಿಕ್ಕಿತು. ಅದು ಕನ್ನೊನ್ ಎಂದು ಊರಿನ ಮುಖಂಡ ಗುರುತಿಸಿ ತನ್ನ ಮನೆಯನ್ನೇ ಗುಡಿ ಮಾಡಿದ. ಕನ್ನೊನ್ ಎಂದರೆ ನಮ್ಮ ಬೌದ್ಧ ಗ್ರಂಥಗಳ ಅವಲೋಕಿತೇಶ್ವರ. ಚೀನಾ ದಾರಿಯಾಗಿ ಜಪಾನಿಗೆ ಬರುವಷ್ಟರಲ್ಲಿ ತಾಯಿಯ ರೂಪವನ್ನೂ ತಳೆದಿತ್ತು. 645ರಲ್ಲಿ ಒಬ್ಬ ಭಿಕ್ಷು ಅಲ್ಲಿ ಮಂದಿರ ಕಟ್ಟಿಸಿ, ಮೂಲ ವಿಗ್ರಹವನ್ನು ಯಾರೂ ನೋಡಬಾರದೆಂದು ಕಟ್ಟು ಮಾಡಿದನಂತೆ. ಆ ಕಟ್ಟು ಇಂದಿಗೂ ಸಡಿಲವಾಗಿಲ್ಲ. ಮೂಲ ಮೂರ್ತಿಯ ಪರವಾಗಿ ಅದರ ಮುಂದೆ ನಿಲ್ಲುವ ಇನ್ನೊಂದು ಮೂರ್ತಿಯುಂಟು. ಗರ್ಭಗುಡಿಯ ದೇವರಿಗೂ ಉತ್ಸವಮೂರ್ತಿಗೂ ಇರುವ ವ್ಯತ್ಯಾಸ ಬಲ್ಲ ನಮಗೆ ಇದು ತೀರ ಹೊಸದೇನಲ್ಲ.

ಬೆಸ್ತರಿಬ್ಬರೂ ಮುಖಂಡನೂ ಮುಂದೆ ತಾವೇ ದೇವರಾದರು. ಸೆನ್ಸೊಜಿಯ ಮಗ್ಗುಲಲ್ಲೇ ಇರುವ ಅಸಾಕುಸಾ ಶಿಂಟೊ ಗುಡಿ ಈ ಮೂವರದು. ಮೇ ತಿಂಗಳ ಮೂರನೆಯ ವಾರಾಂತ್ಯದ ಸಾಂಜಾ ಉತ್ಸವದಲ್ಲಿ ಈ ಗುಡಿಯ ಮೂರು ದೊಡ್ಡ ಪಲ್ಲಕ್ಕಿಗಳೂ ಕೇರಿಕೇರಿಯ ಸುಮಾರು ನೂರು ಪಲ್ಲಕ್ಕಿಗಳೂ ಬೀದಿಗಿಳಿಯುತ್ತವೆ. ಪಲ್ಲಕ್ಕಿ ಮೆಲ್ಲನೆ ಸಾಗಿದರೆ ಅಲ್ಲಿ ದೇವರಿಗೆ ಒಪ್ಪಿಗೆಯಿಲ್ಲ. ಕುಲುಕಬೇಕು, ಎತ್ತಿ ಎತ್ತಿ ಹಾರಿಸಬೇಕು.

ಹೆಸರಿನದೊಂದು ತಮಾಷೆ: ‘ಅಸಾಕುಸಾ’, ‘ಸೆನ್ಸೊ’ ಎರಡನ್ನೂ ಬರೆಯುವುದು ಒಂದೇ ಅಕ್ಷರಗಳಲ್ಲಿ. ಊರಿಗೆ ಅಚ್ಚ ಜಪಾನಿ ಉಚ್ಚಾರ, ಗುಡಿಗೆ ಚೀನೀ ಮೂಲದ ಉಚ್ಚಾರ.

ಅಕ್ಕಿಯ ದುಡ್ಡು, ಆಟದ ಕೇರಿ

ಟೋಕಿಯೊ ಇನ್ನೂ ಎದೊ ಎನಿಸಿಕೊಂಡಿದ್ದ ಕಾಲದಲ್ಲಿ ತೊಕುಗವಾ ಸರ್ಕಾರ ಸಮುರಾಯಿಗಳಿಗೆ ಸಂಬಳವನ್ನು ಅಕ್ಕಿಯ ರೂಪದಲ್ಲಿ ಅಳೆಯುತ್ತಿತ್ತು. ಆ ಅಕ್ಕಿಯ ಕಣಜಗಳು 1620ರಿಂದ ಅಸಾಕುಸಾದ ದಕ್ಷಿಣಕ್ಕೆ, ಇಂದಿನ ಕುರಾಮಾಯೆಯಲ್ಲಿದ್ದವು. ಸಮುರಾಯಿ ಅಕ್ಕಿ ಹೊತ್ತು ಮಾರಲು ಹೋಗುತ್ತಾನೆಯೇ? ಆ ಕೆಲಸಕ್ಕೆ ದಲ್ಲಾಳಿಗಳು ಹುಟ್ಟಿಕೊಂಡರು. ಅಕ್ಕಿ ಮಾರಿಕೊಟ್ಟು ಕಮಿಷನ್ ತೆಗೆದುಕೊಂಡರು, ಮುಂದಿನ ಕಂತಿನ ಅಕ್ಕಿಯ ಮೇಲೆ ಸಾಲ ಕೊಟ್ಟು ಬಡ್ಡಿ ಎಣಿಸಿದರು. ಕತ್ತಿ ಸಮುರಾಯಿಯ ಸೊಂಟದಲ್ಲಿ, ದುಡ್ಡು ದಲ್ಲಾಳಿಯ ಕೈಯಲ್ಲಿ. ಆ ದುಡ್ಡು ಖರ್ಚಾಗಲು ಹತ್ತಿರದಲ್ಲೊಂದು ಜಾಗ ಬೇಕಿತ್ತು.

ಅದನ್ನು ಒದಗಿಸಿದ್ದು ಸರ್ಕಾರವೇ, ಅದೂ ಮಡಿವಂತಿಕೆಯ ನೆಪದಲ್ಲಿ. 1657ರ ಮಹಾ ಬೆಂಕಿಯ ನಂತರ ಯೋಶಿವಾರಾ ವೇಶ್ಯಾಕೇರಿಯನ್ನು ನಗರದ ನಡುವಿನಿಂದ ಎಬ್ಬಿಸಿ ಅಸಾಕುಸಾದ ಉತ್ತರದ ಗದ್ದೆಗಳಾಚೆ ಹಾಕಿದರು. 1840ರ ದಶಕದ ಸುಧಾರಣೆಯ ಅಬ್ಬರದಲ್ಲಿ ಕಬುಕಿ ರಂಗಮಂದಿರಗಳನ್ನೂ ಊರ ನಡುವೆ ಬೇಡವೆಂದು ಇಲ್ಲಿಗೇ ಸಾಗಹಾಕಿದರು. ಬೇಡವಾದದ್ದನ್ನೆಲ್ಲ ಒಂದೇ ಮೂಲೆಗೆ ಗುಡಿಸಿದರೆ ಆ ಮೂಲೆಯೇ ಊರಿನ ಅತ್ಯಂತ ಸ್ವಾರಸ್ಯದ ಜಾಗವಾಗುತ್ತದೆ ಎಂಬುದು ಆಡಳಿತಗಾರರಿಗೆ ಹೊಳೆದಂತಿಲ್ಲ. ಯೋಶಿವಾರಾದ ಬಗ್ಗೆ ಬಣ್ಣದ ಚಿತ್ರಗಳು, ಕಥೆಗಳು ಬಹಳ. ಆದರೆ ಅಲ್ಲಿದ್ದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಬಡ ಮನೆಗಳ ಸಾಲಕ್ಕೆ ಒತ್ತೆಯಾಗಿ ಬಂದವರೆಂಬುದನ್ನು ಆ ಬಣ್ಣ ಮರೆಸಬಾರದು.

ಕಸ ಗುಡಿಸಿದವರ ಅಂಗಡಿ

ಸೆನ್ಸೊಜಿಯ ಹೆಬ್ಬಾಗಿಲಾದ ಕಾಮಿನಾರಿಮೊನ್, ಎಂದರೆ ಗುಡುಗಿನ ಬಾಗಿಲು, ಗಾಳಿದೇವರು ಮತ್ತು ಗುಡುಗಿನ ದೇವರ ಕಾವಲಿನಲ್ಲಿದೆ. ನಡುವೆ ತೂಗುವ ಕೆಂಪು ಲಾಟೀನು 3.9 ಮೀಟರ್ ಎತ್ತರ, ಸುಮಾರು 700 ಕಿಲೊ ತೂಕ. ಟೋಕಿಯೊದ ಯಾವ ಕ್ಯಾಲೆಂಡರಿನಲ್ಲಾದರೂ ಅದರ ಚಿತ್ರ ಇರಲೇಬೇಕು. ಪುರಾತನವೆಂದು ಕೈಮುಗಿಯುವವರಿಗೆ ಹೇಳಬೇಕಾದ ಮಾತು: ಹಳೆಯ ಬಾಗಿಲು 1865ರಲ್ಲಿ ಸುಟ್ಟುಹೋಗಿ, 95 ವರ್ಷ ಅಲ್ಲಿ ಬಾಗಿಲೇ ಇರಲಿಲ್ಲ. ಈಗಿನದನ್ನು 1960ರಲ್ಲಿ ಕಟ್ಟಿಸಿಕೊಟ್ಟವರು ಪ್ಯಾನಾಸೋನಿಕ್ ಕಂಪನಿಯ ಸ್ಥಾಪಕ ಮತ್ಸುಶಿತಾ ಕೊನೊಸುಕೆ. ಕಾಯಿಲೆ ವಾಸಿಯಾದದ್ದಕ್ಕೆ ಸಲ್ಲಿಸಿದ ಹರಕೆ ಅದು.

ಬಾಗಿಲು ದಾಟಿದರೆ ನಕಾಮಿಸೆ. ಸುಮಾರು 250 ಮೀಟರ್ ಉದ್ದಕ್ಕೆ ಎರಡೂ ಬದಿಯಲ್ಲಿ ಸುಮಾರು 90 ಪುಟ್ಟ ಅಂಗಡಿಗಳು. ಗುಡಿಯ ಅಂಗಳ ಗುಡಿಸುವ ಬಿಟ್ಟಿ ಕೆಲಸ ಮಾಡುತ್ತಿದ್ದ ಸುತ್ತಲಿನ ಮನೆಯವರಿಗೆ, ಅದಕ್ಕೆ ಪ್ರತಿಯಾಗಿ ದಾರಿಯ ಬದಿ ಅಂಗಡಿ ಇಡುವ ಹಕ್ಕು ಸಿಕ್ಕಿದ್ದು ಸುಮಾರು 300 ವರ್ಷಗಳ ಹಿಂದೆ. ಜಪಾನಿನ ಅತಿ ಹಳೆಯ ಅಂಗಡಿ ಬೀದಿಗಳಲ್ಲಿ ಇದೂ ಒಂದು. ಬೀಸಣಿಗೆ, ಕೂದಲ ಕಡ್ಡಿ, ಕಿಮೊನೊ, ಅಕ್ಕಿಯ ಸೆಂಬೆ ಬಿಲ್ಲೆ, ಸಿಹಿ ಹೂರಣ ತುಂಬಿ ಅಚ್ಚಿನಲ್ಲಿ ಬೇಯಿಸಿದ ನಿಂಗ್ಯೊಯಾಕಿ ಇವೆಲ್ಲ ಸಿಗುತ್ತವೆ. ಊರಿನ ಹೆಸರಾಂತ ತಿಂಡಿ ‘ಕಾಮಿನಾರಿ ಒಕೊಶಿ’ಯನ್ನು ಮಾತ್ರ ನಮ್ಮವರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಅರಳಿಸಿದ ಅಕ್ಕಿಯನ್ನು ಸಕ್ಕರೆ ಪಾಕದಲ್ಲಿ ಕಟ್ಟಿದ್ದು. ನಮ್ಮ ಪುರಿ ಉಂಡೆಯ ದೂರದ ಸೋದರ ಸಂಬಂಧಿ, ಆಕಾರ ಮಾತ್ರ ಚೌಕ.

ಈ ಬೀದಿಗೂ ಬಾಡಿಗೆಯ ತಕರಾರು ತಪ್ಪಲಿಲ್ಲ. ಅಂಗಡಿ ಕಟ್ಟಡಗಳು ನಗರಾಡಳಿತದ ಕೈಯಿಂದ ದೇವಾಲಯಕ್ಕೆ ಬಂದ ಮೇಲೆ, 2017ರಲ್ಲಿ ಬಾಡಿಗೆಯನ್ನು ಹಂತಹಂತವಾಗಿ ಸುಮಾರು 16 ಪಟ್ಟು ಏರಿಸುವ ಸುದ್ದಿ ಜಪಾನಿನಾದ್ಯಂತ ಚರ್ಚೆಯಾಯಿತು. ಹಿಂದಿನ ಬಾಡಿಗೆ ಪೇಟೆಯ ದರಕ್ಕಿಂತ ಬಹಳ ಕಡಿಮೆಯಿತ್ತು ಎಂಬುದೂ ನಿಜ, ಅಕ್ಕಿ ಬಿಲ್ಲೆ ಮಾರಿ ಅಷ್ಟು ಹುಟ್ಟಿಸುವುದು ಕಷ್ಟ ಎಂಬುದೂ ನಿಜ.

ರೊಕ್ಕುವಿನ ವೈಭವ

ತೊಕುಗವಾ ಆಳ್ವಿಕೆ ಮುಗಿದ ಮೇಲೆ ಬಂದ ಮೇಜಿ ಸರ್ಕಾರ ದೇವಾಲಯದ ಜಮೀನನ್ನು ಸಾರ್ವಜನಿಕ ಉದ್ಯಾನವೆಂದು ಘೋಷಿಸಿ, 1880ರ ದಶಕದಲ್ಲಿ ಏಳು ಭಾಗ ಮಾಡಿತು. ಆರನೆಯದು ಆಟ ತಮಾಷೆಗಳಿಗೆ. ಜಪಾನಿ ಭಾಷೆಯಲ್ಲಿ ‘ಆರನೆಯ ವಿಭಾಗ’ ಎಂದರೆ ರೊಕ್ಕು. ಧಾರವಾಡದ ಕಡೆಯವರಿಗೆ ಇದನ್ನು ಕೇಳಿ ರೊಕ್ಕ ನೆನಪಾದರೆ ಅದೇನೂ ತಪ್ಪು ಅರ್ಥವಲ್ಲ.

1890ರಲ್ಲಿ ಇಲ್ಲಿ ರ್ಯೊಉನ್‌ಕಾಕು ಎಂಬ ಹನ್ನೆರಡು ಮಹಡಿಯ ಗೋಪುರ ಎದ್ದಿತು. ಹತ್ತು ಮಹಡಿ ಇಟ್ಟಿಗೆ, ಮೇಲಿನ ಎರಡು ಮರ. ವಿನ್ಯಾಸ ಮಾಡಿದ ಡಬ್ಲ್ಯು. ಕೆ. ಬರ್ಟನ್ ಸ್ಕಾಟ್ಲೆಂಡಿನವರು. ಅವರನ್ನು ಜಪಾನಿಗೆ ಕರೆಸಿಕೊಂಡದ್ದು ಗೋಪುರ ಕಟ್ಟಲಿಕ್ಕಲ್ಲ, ನೀರು ಮತ್ತು ಚರಂಡಿ ವ್ಯವಸ್ಥೆಗೆ. ಒಳಗೆ ದೇಶವಿದೇಶದ ಸರಕಿನ ಮಳಿಗೆಗಳು, ತುದಿಯಲ್ಲಿ ದೂರದರ್ಶಕ, ಜೊತೆಗೆ ಜಪಾನಿನ ಮೊದಲ ವಿದ್ಯುತ್ ಲಿಫ್ಟ್. ಅಪಾಯವೆಂದು ಪೊಲೀಸರು ಕೆಲವೇ ತಿಂಗಳಲ್ಲಿ ಲಿಫ್ಟ್ ನಿಲ್ಲಿಸಿದರು. ಹನ್ನೆರಡು ಮಹಡಿ ಕಾಲಿನಲ್ಲಿ ಹತ್ತುವವರು ಯಾರು? ಮಾಲೀಕರು 1891ರಲ್ಲಿ ನೂರು ಗೇಶಾ ಕಲಾವಿದೆಯರ ದೊಡ್ಡ ಫೋಟೊಗಳನ್ನು ಮೆಟ್ಟಿಲಿನುದ್ದಕ್ಕೂ ತೂಗುಹಾಕಿ, ಹೆಚ್ಚು ಚೆಲುವೆ ಯಾರೆಂದು ಜನರೇ ಮತ ಹಾಕಲಿ ಎಂದರು. ಜನ ಹತ್ತಿದರು.

ರೊಕ್ಕುವಿನ ಮುಂದಿನ ಸೋಜಿಗ ಸಿನಿಮಾ. ಜಪಾನಿನ ಮೊದಲ ಕಾಯಂ ಚಿತ್ರಮಂದಿರ ಡೆಂಕಿಕಾನ್ ತೆರೆದದ್ದು 1903ರಲ್ಲಿ, ಇಲ್ಲಿಯೇ. ಮೂಕಿ ಚಿತ್ರಗಳಿಗೆ ಪರದೆಯ ಪಕ್ಕ ನಿಂತು ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡುವ ‘ಬೆನ್ಶಿ’ ಎಂಬ ಕಥೆಗಾರನಿದ್ದ. ಭಾಗವತನೂ ಅವನೇ, ಅರ್ಥ ಹೇಳುವವನೂ ಅವನೇ. ಎಷ್ಟೋ ಪ್ರೇಕ್ಷಕರು ನಟರನ್ನು ಬಿಟ್ಟು ಬೆನ್ಶಿಯ ಹೆಸರು ನೋಡಿ ಟಿಕೆಟ್ ಕೊಳ್ಳುತ್ತಿದ್ದರು. ಮಾತಿನ ಚಿತ್ರಗಳು ಬಂದು ಈ ಕಸುಬನ್ನೇ ನುಂಗಿದವು. ನಿರ್ದೇಶಕ ಅಕಿರಾ ಕುರೊಸಾವಾ ಅವರ ಅಣ್ಣ ಹೆಯಿಗೊ ಹೆಸರಾಂತ ಬೆನ್ಶಿ. ಕೆಲಸ ಉಳಿಸಿಕೊಳ್ಳಲು ನಡೆದ ಮುಷ್ಕರದ ಮುಂದಾಳುವಾಗಿ ಸೋತವರು. 1933ರಲ್ಲಿ ಪ್ರಾಣ ಕಳೆದುಕೊಂಡರು. ತಮ್ಮನಿಗೆ ವಿದೇಶಿ ಚಿತ್ರಗಳ ರುಚಿ ಹತ್ತಿಸಿದ್ದು ಆ ಅಣ್ಣನೇ.

ಅದೇ ಕಾಲಕ್ಕೆ ಕಾಸಿನೊ ಫೋಲಿ ಎಂಬ ಹಾಡು ಕುಣಿತ ನಗೆಯ ತಂಡ 1929ರಲ್ಲಿ ಹುಟ್ಟಿತು. ಅದರ ರಂಗವಿದ್ದದ್ದು ಮತ್ಸ್ಯಾಲಯವೊಂದರ ಮಹಡಿಯಲ್ಲಿ. ಮುಂದೆ ನೊಬೆಲ್ ಪಡೆದ ಕವಾಬಾತಾ ಯಸುನಾರಿ ಆಗ ಅಸಾಕುಸಾದ ಬೀದಿಬೀದಿ ಅಲೆದು, ಇಲ್ಲಿನ ಪುಂಡು ಹುಡುಗ ಹುಡುಗಿಯರ ಬಗ್ಗೆ ಪತ್ರಿಕೆಯಲ್ಲಿ ಧಾರಾವಾಹಿ ಕಾದಂಬರಿ ಬರೆದರು. ಏಷ್ಯಾದ ಮೊದಲ ಸುರಂಗ ರೈಲು 1927ರ ಡಿಸೆಂಬರ್ 30ರಂದು ಓಡಿದ್ದೂ ಉಯೆನೊದಿಂದ ಅಸಾಕುಸಾಕ್ಕೇ. ದೂರ ಕೇವಲ 2.2 ಕಿಲೋಮೀಟರ್. ಐದು ನಿಮಿಷದ ಪಯಣಕ್ಕೆ ಜನ ಗಂಟೆಗಟ್ಟಲೆ ಸಾಲು ನಿಂತರು. ರೈಲೂ ಒಂದು ಆಟವೇ ಆಗಿತ್ತು.

ಎರಡು ಬೆಂಕಿ

1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಹನ್ನೆರಡು ಮಹಡಿಯ ಗೋಪುರ ಎಂಟನೆಯ ಮಹಡಿಯ ಮಟ್ಟದಲ್ಲಿ ಮುರಿದುಬಿತ್ತು. ಉಳಿದ ಮೋಟನ್ನು ಸೇನೆ ಸಿಡಿಮದ್ದಿಟ್ಟು ಕೆಡವಿತು. ಸುತ್ತ ಎಲ್ಲ ಸುಟ್ಟರೂ ಸೆನ್ಸೊಜಿಯ ಮುಖ್ಯ ಮಂದಿರ ಉಳಿಯಿತು, ಆಸರೆಗೆ ಬಂದ ಜನರೂ ಉಳಿದರು. ಕನ್ನೊನ್ ಕಾಯುತ್ತಾಳೆಂಬ ನಂಬಿಕೆ ಗಟ್ಟಿಯಾಯಿತು. 1945ರ ಮಾರ್ಚ್ 10ರ ರಾತ್ರಿ ಅಮೆರಿಕದ ವಿಮಾನಗಳು ಬೆಂಕಿಬಾಂಬು ಸುರಿಸಿದಾಗ ಆ ನಂಬಿಕೆಯಿಂದಲೇ ಎಷ್ಟೋ ಜನ ಗುಡಿಯ ಕಡೆ ಓಡಿದರು. ಈ ಸಲ ಮಂದಿರ ಉಳಿಯಲಿಲ್ಲ. ಆ ಒಂದು ರಾತ್ರಿ ಟೋಕಿಯೊದಲ್ಲಿ ಸತ್ತವರು ಸುಮಾರು 1 ಲಕ್ಷ.

ಮಂದಿರವನ್ನು ಮತ್ತೆ ಕಟ್ಟಲು ಹಣ ಬೇಕಿತ್ತು. ರೊಕ್ಕುವಿನ ಪಕ್ಕದಲ್ಲಿದ್ದ ಸೋರೆಬುರುಡೆ ಆಕಾರದ ಕೊಳವನ್ನು 1951ರಲ್ಲಿ ಮುಚ್ಚಿ ಜಾಗ ಮಾರಿದರು. ಆ ನೆಲದ ಮೇಲೆ ಹೊಸ ಆಟದ ಕಟ್ಟಡಗಳು ಎದ್ದವು, ಆ ಹಣ ಗುಡಿಗೆ ಸೇರಿತು. 1958ರಲ್ಲಿ ಮುಗಿದ ಈಗಿನ ಮಂದಿರ ಕಾಂಕ್ರೀಟಿನದು. 2010ರಲ್ಲಿ ಹೊದಿಸಿದ ಹೆಂಚು ಟೈಟಾನಿಯಮ್ಮಿನದು, ಭೂಕಂಪದಲ್ಲಿ ತಲೆಭಾರ ಕಡಿಮೆಯಿರಲಿ ಎಂದು.

ಜನ ಬೇರೆಡೆ ಹೊರಳಿದಾಗ

ಯುದ್ಧದ ನಂತರ ಒಂದಿಷ್ಟು ವರ್ಷ ರೊಕ್ಕು ಮತ್ತೆ ಕಿಕ್ಕಿರಿಯಿತು. ಆಮೇಲೆ ಮನೆಮನೆಗೆ ಟಿ.ವಿ. ಬಂತು, 1958ರಲ್ಲಿ ವೇಶ್ಯಾಕೇರಿಗಳು ಕಾನೂನಿನಂತೆ ಮುಚ್ಚಿದವು, ಹರೆಯದವರು ಶಿಂಜುಕು, ಶಿಬುಯಾ ಕಡೆ ಹೊರಳಿದರು. ಬೀಳುಗಾಲದಲ್ಲೂ ಇಲ್ಲಿ ಪ್ರತಿಭೆಗೆ ಬರವಿರಲಿಲ್ಲ. ಬಟ್ಟೆ ಬಿಚ್ಚುವ ಕುಣಿತಗಳ ನಡುವಿನ ಬಿಡುವಿನಲ್ಲಿ ನಗೆನಾಟಕ ಆಡಿಸುತ್ತಿದ್ದ ಫ್ರಾನ್ಸ್‌ಜಾ ಎಂಬ ರಂಗಮಂದಿರದಲ್ಲಿ ಲಿಫ್ಟ್ ಹುಡುಗನಾಗಿ ಸೇರಿದ ತಕೆಶಿ ಕಿತಾನೊ ಮುಂದೆ ಜಗತ್ತು ಬಲ್ಲ ನಿರ್ದೇಶಕರಾದರು. ಸಿನಿಮಾ ಹುಟ್ಟಿದ ಬೀದಿಯ ಕೊನೆಯ ಚಿತ್ರಮಂದಿರಗಳು 2012ರಲ್ಲಿ ಬಾಗಿಲೆಳೆದವು. ಅದೇ ವರ್ಷ ನದಿಯಾಚೆ 634 ಮೀಟರ್ ಎತ್ತರದ ಸ್ಕೈಟ್ರೀ ಗೋಪುರ ತೆರೆದು, ಪ್ರವಾಸಿಗರು ಅಸಾಕುಸಾಕ್ಕೆ ಮತ್ತೆ ಹರಿದುಬಂದರು.

ಈಗ ಇಲ್ಲಿ ಮುಖ್ಯವಾಗಿ ಮಾರಾಟವಾಗುವುದು ಹಳೆಯ ಕಾಲವೇ: ಬಾಡಿಗೆ ಕಿಮೊನೊ, ಮನುಷ್ಯರು ಎಳೆಯುವ ರಿಕ್ಷಾ. ಇದು ಬರೀ ವೇಷ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ವೇಷ ಹಾಕಿ ದುಡಿಯುವುದೇ ಈ ಕೇರಿಯ ಕುಲಕಸುಬು. ಅಲ್ಲದೆ ವೇಷವಲ್ಲದ್ದೂ ಉಳಿದಿದೆ. ಎಂಗೆಯಿ ಹಾಲ್‌ನಲ್ಲಿ ರಕುಗೊ ಕಥೆಗಾರರು ಒಂದು ದಿಂಬಿನ ಮೇಲೆ ಮಂಡಿಯೂರಿ, ಬೀಸಣಿಗೆ ಮತ್ತು ಕರವಸ್ತ್ರವಷ್ಟೇ ಹಿಡಿದು ಇಂದಿಗೂ ಜನರನ್ನು ನಗಿಸುತ್ತಾರೆ. 1853ರಲ್ಲಿ ಹೂದೋಟವಾಗಿ ಶುರುವಾದ ಹನಯಾಶಿಕಿಯಲ್ಲಿ 1953ರ ರೋಲರ್ ಕೋಸ್ಟರ್ ಮನೆಗಳ ಗೋಡೆ ಸವರುವಂತೆ ಓಡುತ್ತದೆ. ಪಶ್ಚಿಮಕ್ಕೆ ನಡೆದರೆ ಕಪ್ಪಾಬಾಶಿ, ಹೋಟೆಲಿನವರ ಪಾತ್ರೆಪಗಡದ ಬೀದಿ. ಹೋಟೆಲಿನ ಗಾಜಿನ ಕಪಾಟಿನಲ್ಲಿಡುವ ನಕಲಿ ಊಟ ಸಿಗುವುದು ಅಲ್ಲೇ.

ಮೂಲಂಗಿ ತಿನ್ನುವ ಗಣಪ

ಸೆನ್ಸೊಜಿಯಿಂದ ಈಶಾನ್ಯಕ್ಕೆ, ನದಿಯ ಹತ್ತಿರದ ಪುಟ್ಟ ದಿಬ್ಬದ ಮೇಲೆ ಮತ್ಸುಚಿಯಾಮಾ ಶೋದೆನ್ ಎಂಬ ಗುಡಿಯಿದೆ. ಪ್ರವಾಸಿಗರ ಗುಂಪು ಅಲ್ಲಿಯವರೆಗೆ ಬರುವುದು ಕಡಿಮೆ. ಒಳಗಿರುವುದು ಕಾಂಗಿತೆನ್, ಅಂದರೆ ಬೌದ್ಧ ಧರ್ಮದ ಜೊತೆ ಜಪಾನಿಗೆ ಹೋದ ನಮ್ಮ ಗಣಪತಿ. ಮೂರ್ತಿಯನ್ನು ಯಾರಿಗೂ ತೋರಿಸುವುದಿಲ್ಲ. ಗುಡಿಯ ಮೆಟ್ಟಿಲು, ಕಂಬ, ಲಾಟೀನುಗಳ ಮೇಲೆಲ್ಲ ಕೆತ್ತಿರುವುದು ಎರಡೇ ಗುರುತು: ದುಡ್ಡಿನ ಚೀಲ ಮತ್ತು ಜೋಡಿ ಮೂಲಂಗಿ. ಚೀಲ ವ್ಯಾಪಾರದ ಏಳಿಗೆಗೆ, ಮೂಲಂಗಿ ಮನಸ್ಸಿನ ಕಲ್ಮಷ ತೊಳೆಯಲಿಕ್ಕೆ. ಇಲ್ಲಿ ಮೋದಕ, ಗರಿಕೆ ಕೇಳಬೇಡಿ. ಭಕ್ತರು ಬಾಗಿಲಲ್ಲೇ ಬಿಳಿ ಮೂಲಂಗಿ ಕೊಂಡು ಒಳಗೆ ಒಪ್ಪಿಸುತ್ತಾರೆ. ಪ್ರತಿ ವರ್ಷ ಜನವರಿ 7ರಂದು ಮೂಲಂಗಿ ಹಬ್ಬ. ದೇವರಿಗೆ ಬಂದ ಮೂಲಂಗಿಯನ್ನು ಅಂದು ಬೇಯಿಸಿ, ಚಳಿಯಲ್ಲಿ ಸಾಲು ನಿಂತವರಿಗೆ ಬಿಸಿಬಿಸಿಯಾಗಿ ಹಂಚುತ್ತಾರೆ.